ಉಪ್ಪುಂಡ ಗಿಡಗಳು

ಮಗಳ ಜೊತೆ ಕೆಂಗೇರಿಯ ತಂಗಿ ಮನೆಗೆ ಹೋಗಿದ್ದ ಕಲಾ, ವಾರವಾದ ಮೇಲೆ ಒಬ್ಬಳೇ ವಾಪಸು ಬಂದು ಬೀಗ ತೆಗೆದಳು. ಹಾಲ್‌ನಲ್ಲಿದ್ದ ಗಿಡಗಳೆಲ್ಲ ಸತ್ತಿದ್ದವು. ಮನಿ ಪ್ಲಾಂಟ್, ಕ್ರೋಟನ್ — ಒಂದೂ ಉಳಿದಿರಲಿಲ್ಲ. ಬಸವೇಶ್ವರನಗರದ ನಮ್ಮ ಬಿಲ್ಡಿಂಗಿನಲ್ಲಿ ಆ ಗಿಡಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳದ ಹೆಂಗಸಿರಲಿಲ್ಲ. ನಾನೂ ಸೇರಿ.

ಕಲಾ ನೆಟ್ಟಗೆ ನಮ್ಮ ಮನೆಗೆ ಬಂದಳು. ನಮ್ಮ ಯಜಮಾನರು ಚನ್ನಮಲ್ಲಪ್ಪನವರು ಪೊಲೀಸ್ ಇಲಾಖೆಯಿಂದ ರಿಟೈರ್ ಆದವರು. ಕನ್ನಡಕ ಎಲ್ಲಿಟ್ಟೆ ಅಂತ ದಿನಾ ನನ್ನನ್ನು ಕೇಳುವ ಇವರು, ಕೇಸು ಅಂದಕೂಡಲೇ ಎದ್ದು ನಿಂತರು.

“ಬೀಗದ ಕೀ ಯಾರ ಹತ್ರ ಇತ್ತಮ್ಮ?”

“ಎದುರುಮನೆ ಸುಮಾ ಹತ್ರ. ನೀರು ಹಾಕು ಅಂತ ಕೊಟ್ಟಿದ್ದೆ. ಒಳ್ಳೊಳ್ಳೆ ಕುಡಿ ಕತ್ತರಿಸ್ಕೊಂಡು, ಆಮೇಲೆ ಉಪ್ಪು ಸುರಿದಿದಾಳೆ. ಎಲ್ಲರ ಮುಂದೆ ವಿಚಾರಿಸಿ ಸಾರ್.”

ಸುಮಾ ಮನೆಯಲ್ಲೇ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವಳ ಹೊಟ್ಟೆ ತುಂಬುವುದೇ ಅದರಿಂದ. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೆಲ್ಲ ಕಲಾ ಮನೆ ಬಾಗಿಲಲ್ಲಿ ನಿಂತರು. ಕಲಾಗೆ ಬೇಕಾಗಿದ್ದೂ ಅದೇ.

“ಉಪ್ಪು ಹಾಕಿದ್ಯೇನಮ್ಮ?”

“ಇಲ್ಲ ಸಾರ್,” ಅಂದಳು ಸುಮಾ. “ದಿನಾ ನೀರು ಹಾಕ್ದೆ. ಬಾಡ್ತಾ ಇದೆ ಅಂತ ಇನ್ನೂ ಜಾಸ್ತಿ ಹಾಕ್ದೆ.”

“ಕುಡಿ ಕತ್ತರಿಸಿದ್ದು?”

“ಎಲೆ ಕೂಡ ಮುಟ್ಟಿಲ್ಲ.”

ಇವರು ಕುಂಡದ ಮಣ್ಣು ಕೆದಕಿದರು. ಮೇಲೆ ಬರೀ ಮಣ್ಣು, ಅಡಿಯಲ್ಲಿ ಅರ್ಧ ಕರಗಿದ ಕಲ್ಲುಪ್ಪು. ಆಮೇಲೆ ಒಣಗಿದ ಕಾಂಡಗಳನ್ನು ನೋಡುತ್ತ ಬಂದರು. ಕತ್ತರಿಸಿದ ತುದಿಗಳಲ್ಲೆಲ್ಲ ಹಳದಿ ಪುಡಿ ಮೆತ್ತಿತ್ತು.

“ಪಂಕಜಾ, ಇದೇನೇ?”

“ಅರಿಶಿನ. ಕತ್ತರಿಸಿದ ಜಾಗ ಕೊಳೀಬಾರ್ದು ಅಂತ ಹಚ್ತಾರೆ,” ಅಂದೆ.

ಕಲಾಳ ತಂಗಿ ಲತಾ ನನಗೂ ಪರಿಚಯ. ಇವರು ನನ್ನ ಫೋನಿನಿಂದಲೇ ಅವಳಿಗೆ ಕರೆ ಮಾಡಿಸಿ, ಸ್ಪೀಕರ್ ಹಾಕಿಸಿದರು.

“ನಿಮ್ಮಕ್ಕ ತಂದಿಟ್ಟ ಕುಡಿಗಳು ಬೇರು ಬಿಟ್ವೇನಮ್ಮ?”

“ಬಿಟ್ಟಿವೆ ಸಾರ್, ಬಾಟ್ಲಿ ನೀರಲ್ಲಿ ಚೆನ್ನಾಗಿ ಬರ್ತಾ ಇವೆ. ಯಾಕೆ?”

ಕಲಾಳ ಮುಖ ಕಪ್ಪಿಟ್ಟಿತು.

“ಕದಿಯೋಕೆ, ಸಾಯಿಸೋಕೆ ಬಂದವರು ಗಾಯಕ್ಕೆ ಅರಿಶಿನ ಹಚ್ತಾರಾ?” ಇವರು ಕೇಳಿದರು. “ಕೆಂಗೇರಿಗೆ ಹೋಗೋ ಮುಂಚೆ ನೀನು ಕುಡಿ ಕತ್ತರಿಸಿ ಉಳಿಸಿಕೊಂಡೆ. ಸಾಕಿದ ಕೈ ಅಲ್ವಾ, ಅಭ್ಯಾಸಬಲಕ್ಕೆ ಅರಿಶಿನ ಹಚ್ತು. ಆಮೇಲೆ ಉಪ್ಪು ಹೂತೆ. ಕರಗಿಸಿ ಬೇರಿಗೆ ಇಳಿಸಿದ್ದು ಸುಮಾ ಹಾಕಿದ ನೀರು. ಕೊಂದಿದ್ದು ನೀನೇ ಕಲಾ. ಯಾಕಮ್ಮ?”

ಕಲಾ ತಲೆ ತಗ್ಗಿಸಲಿಲ್ಲ.

“ಹೌದು, ನಾನೇ. ನನ್ನ ಮಗಳು ಮನಸ್ಸಿನ ಡಾಕ್ಟರ್ ಹತ್ರ ಹೋಗ್ತಾಳೆ ಅಂತ ಇವಳನ್ನ ನಂಬಿ ಹೇಳ್ಕೊಂಡಿದ್ದೆ. ಗಂಡಿನ ಕಡೆಯವರು ವಿಚಾರಿಸೋಕೆ ಬಂದಾಗ ಅವರ ಕಿವಿಗೆ ಹಾಕಿದ್ಲು. ಸಂಬಂಧ ಮುರೀತು. ಮಗಳು ಮಾತೇ ನಿಲ್ಸಿದಾಳೆ. ಗಿಡ ಬೇಕಾದ್ರೆ ಮತ್ತೆ ಬೆಳೆಸ್ತೀನಿ ಸಾರ್.”

“ಹೇಳಿದ್ಯಾ?” ಇವರು ಸುಮಾ ಕಡೆ ತಿರುಗಿದರು.

“ಕೇಳಿದ್ರು... ಹೇಳ್ಬಿಟ್ಟೆ.”

“ನಮ್ಮನೆ ಜಗಳಾನೂ ಈ ಸುಮಾ ಹತ್ರ ಹೇಳ್ಕೊಂಡಿದೀನಲ್ಲ,” ಅಂದಳು ಒಬ್ಬ ತಾಯಿ ಮೆಲ್ಲಗೆ. ತಾಯಂದಿರು ಮಕ್ಕಳ ಕೈ ಹಿಡಿದು ಮೆಟ್ಟಿಲಿಳಿದರು.

ಮಾರನೇ ಬೆಳಿಗ್ಗೆ ಸುಮಾ ಮನೆಗೆ ಒಂದು ಮಗುವೂ ಬರಲಿಲ್ಲ. ಕೇಸು ಗೆದ್ದೆ ಅಂತ ಇವರು ಇನ್ನೊಂದು ಲೋಟ ಕಾಫಿ ಕೇಳಿದರು. ಗೆದ್ದಿದ್ದು ಕಲಾ ಅಂತ ಹೇಳಿ ನಾನು ಒಳಗೆ ಹೋದೆ.