ಅವಳು ನೋಡುತ್ತಿದ್ದದ್ದು

“ಏನ್ರಿ ಮೇಡಂ, ಇವತ್ತೂ ನನ್ನೇ ನೋಡ್ತಿದ್ರಿ?”

ರವೆ, ಬೆಲ್ಲ ಹಾಕಿ ಲ್ಯಾಬಿನ ನೊಣಗಳ ಊಟ ಕುದಿಸುತ್ತಿದ್ದ ಸಹಾಯಕ ಯೋಗರಾಜ್ ಸೌಟು ಎತ್ತಿ ಹಿಡಿದು ನಕ್ಕ. ರೇಖಾ ತಟ್ಟನೆ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಕಳ್ಳಿ ಸಿಕ್ಕಿಬಿದ್ದಿದ್ದಳು, ಕಿವಿಯ ತನಕ ಕೆಂಪಾಗಿದ್ದಳು.

“ನಿಮ್ಮನ್ನ ಯಾರ್ ನೋಡ್ತಾರ್ರಿ? ರವೆ ತಳ ಹಿಡೀತೈತೆ, ಅದನ್ನ ನೋಡ್ದೆ.”

“ರವೆ ಒಲೆ ಮ್ಯಾಲೈತೆ. ನೀವು ನೋಡಿದ್ದು ನನ್ನ ಕಾಲು.” ಅವನು ಪ್ಯಾಂಟು ಒಂದಿಷ್ಟು ಎತ್ತಿ ತೋರಿಸಿದ. “ನೋಡ್ರಿ, ನೋಡ್ರಿ. ಪೈಲ್ವಾನನ ಮೀನಖಂಡ! ಗರಡಿಗೆ ಹೋಗದೇ ಬಂದಿದ್ದು.”

ಅವಳು ನಗಲಿಲ್ಲ.

ದಾವಣಗೆರೆಯ ಆ ಲ್ಯಾಬಿನಲ್ಲಿ ರೇಖಾ ನಾಲ್ಕು ವರ್ಷದಿಂದ ಹಣ್ಣಿನ ನೊಣಗಳನ್ನು ಗಾಜಿನ ಕೊಳವೆಯೊಳಕ್ಕೆ ಬಿಟ್ಟು ಎಣಿಸುತ್ತಿದ್ದಳು. ಗಟ್ಟಿಮುಟ್ಟಾದವು ಹಾರುತ್ತಿದ್ದವು. ಅವಳ ನೊಣಗಳು ಮಾತ್ರ ತಳಕ್ಕೆ ಬೀಳುತ್ತಿದ್ದವು. ರೆಕ್ಕೆಗೇನೂ ಧಾಡಿಯಿರಲಿಲ್ಲ. ಸ್ನಾಯುವಿನ ಪ್ರೋಟೀನು ಕಟ್ಟುವ ಜೀನಿನಲ್ಲೊಂದು ತಪ್ಪು, ಹುಟ್ಟುವಾಗಲೇ ಬಂದದ್ದು. ಅದನ್ನು ತಿದ್ದಲು ಅವಳಿಗೆ ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು.

ಮೊದಲು ಅವಳು ನೋಡಿದ್ದು ಅವನ ಮುಖವನ್ನೇ. ಹರಿಹರದ ಬಸ್ಸಿಳಿದು ಆ ನಗು ಬಾಗಿಲಿಗೆ ಬಂದರೆ ಸಾಕು, ಅವಳ ಎಣಿಕೆ ತಪ್ಪುತ್ತಿತ್ತು. ಆದರೆ ಪ್ರೀತಿ ಹುಟ್ಟಿದವಳ ಕಣ್ಣು ಒಂದು ಕಡೆ ನಿಲ್ಲುತ್ತದೆಯೇ? ಅವನು ತೊಡೆಗೆ ಕೈ ಊರಿ ಮೆಟ್ಟಿಲು ಹತ್ತುವುದನ್ನೂ ನೋಡಿತು. ನೆಲದಲ್ಲಿ ಕೂತವನು ತನ್ನ ಮೈಯನ್ನೇ ಏಣಿ ಮಾಡಿಕೊಂಡು, ಮಂಡಿ ತೊಡೆ ಹಿಡಿಹಿಡಿದು ಏಳುವುದನ್ನೂ ನೋಡಿತು. ಅಂಥ ಕಾಲಿನ ಮೀನಖಂಡ ದಪ್ಪವಾಗುವುದು ಬಲದಿಂದಲ್ಲ, ಸ್ನಾಯು ಸವೆಯುವ ರೋಗದಿಂದ ಎಂದು ಓದಿದ್ದವಳಿಗೆ ಅಂದಿನಿಂದ ಅನ್ನ ಸೇರದಾಯಿತು.

ಭಾನುವಾರ ಹರಿಹರದಲ್ಲಿ, ಹೊಳೆಯ ಮೆಟ್ಟಿಲ ಮೇಲೆ, ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟು ಅವನು ಕೇಳಿಯೇಬಿಟ್ಟ.

“ಆರು ತಿಂಗ್ಳಿಂದ ಕದ್ದು ನೋಡ್ತೀರಿ. ಇನ್ನೆಷ್ಟ್ ದಿನ ಹಿಂಗೆ? ವಿನೋಬನಗರಕ್ಕೆ ಬಂದು ನಿಮ್ಮಪ್ಪಾರ್ನ ಕೇಳ್ಲೇನು?”

ಹೂಂ ಎನ್ನಲು ಬಾಯಿ ತೆರೆದಳು, ಬಂದದ್ದು ಅಳು. ಅಳುತ್ತಲೇ ಎಲ್ಲ ಹೇಳಿದಳು. “ನಾನು ಡಾಕ್ಟರಲ್ಲ. ನನ್ನ ಅನುಮಾನ ಸುಳ್ಳಾಗ್ಲಿ. ಒಂದ್ಸಲ ತೋರಿಸ್ರಿ.”

ಯೋಗರಾಜ್ ಮಂಡಕ್ಕಿ ಪೊಟ್ಟಣ ಪಕ್ಕಕ್ಕೆ ಸರಿಸಿದ.

“ಸುಳ್ಳಾಗಲ್ಲ ಬಿಡ್ರಿ. ಬಾತಿ ಊರಾಗೆ ನಮ್ಮ ಸೋದರಮಾವ ಗುತ್ತೆಪ್ಪಂದೂ ಪೈಲ್ವಾನ್ ಕಾಲೇ. ಮೂವತ್ತಕ್ಕೆ ಗೋಡೆ ಹಿಡ್ದ, ನಲವತ್ತಕ್ಕೆ ಹಾಸಿಗೆ ಹಿಡ್ದ. ಮರದಿಂದ ಬಿದ್ದಿದ್ಕೆ ಹಂಗಾತು ಅಂತಿದ್ರು ಮನ್ಯಾಗೆ.” ಆಮೇಲೆ ಮೆಲ್ಲಗೆ ಕೇಳಿದ. “ಹಂಗಾದ್ರೆ ನೀವು ನೋಡಿದ್ದು ಪ್ರೀತಿಗಲ್ಲ?”

“ಪ್ರೀತಿಗೇ ನೋಡಿದ್ದು. ಅದಕ್ಕೇ ಕಾಣ್ತು.” ಅವಳು ಕಣ್ಣೊರೆಸಿಕೊಂಡಳು. “ಬಂದು ಅಪ್ಪನ್ನ ಕೇಳ್ರಿ. ನಾನು ಬ್ಯಾಡ ಅಂದ್ನೇನು?”

“ನಾನು ಬ್ಯಾಡ ಅಂತೀನಿ. ನಮ್ಮತ್ತೆ ಮೈಲಮ್ಮ ಹದಿನಾಲ್ಕು ವರ್ಷ ಮಾವನ್ನ ಎತ್ತಿ ಇಳ್ಸಿದ್ಲು. ಅವ ಹೋದ ದಿನ ಆಕಿ ಅಳ್ಲಿಲ್ಲ ಮೇಡಂ, ನಿದ್ದೆ ಮಾಡಿದ್ಲು. ನಿಮ್ಮನ್ನ ಹಂಗೆ ನೋಡಾಕೆ ನನ್ನ ಕೈಲಾಗಲ್ಲ.”

ಅವಳು ಬೇಡಿದಳು, ಜಗಳವಾಡಿದಳು, ಅವನ ಕೈ ಹಿಡಿದು ಕೂತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ. ಮಂಡಕ್ಕಿ ಯಾರೂ ಮುಟ್ಟದೆ ಮೆತ್ತಗಾಯಿತು.

“ನಾನು ಮೊದ್ಲು ಹೋಗ್ತೀನಿ,” ಎಂದ ಕೊನೆಗೆ. “ಒಂದು ಮಾತು ನಡಸ್ಕೊಡ್ರಿ.”

“ಏನು?”

“ಹೊಳೆ ಕಡೇನೇ ನೋಡ್ಕೊಂಡು ಕೂಡ್ರಿ. ನಾನು ಏಳೋದು, ಹತ್ತೋದು ನೋಡಬ್ಯಾಡ್ರಿ.”

ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ಚಪ್ಪಲಿ ಸರಿದ ಸದ್ದು, ಬಿಗಿಹಿಡಿದ ಉಸಿರಿನ ಸದ್ದು. ಆಮೇಲೆ ಬೆನ್ನ ಹಿಂದೆ ಒಂದು ಮೆಟ್ಟಿಲು. ಎರಡು. ಇಳಿಯುವಾಗ ಹತ್ತೊಂಬತ್ತು ಇದ್ದವು. ಹನ್ನೊಂದಕ್ಕೆ ಸದ್ದು ನಿಂತಿತು.

ಅವಳ ಕೊರಳು ತಾನಾಗಿಯೇ ತಿರುಗಹೊರಟಿತು. ಎರಡೂ ಕೈಯಲ್ಲಿ ಕಲ್ಲಿನ ಅಂಚು ಗಟ್ಟಿಯಾಗಿ ಹಿಡಿದಳು. ಬಹಳ ಹೊತ್ತಾದ ಮೇಲೆ ಹನ್ನೆರಡನೆಯದು ಕೇಳಿಸಿತು.

ಹತ್ತೊಂಬತ್ತು ಮುಗಿದ ಮೇಲೂ ಅವಳು ತಿರುಗಲಿಲ್ಲ.