ತಿಂದ್ಯಾ

"ಆ ಮಗುಗೆ ಏನಂದ್ರಿ ಮಿಸ್?"

ಊರ್ಮಿಳಾ ತಲೆ ಎತ್ತಿದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ತಮಿಳು ಮೇಷ್ಟ್ರು ಗಂಗಾಧರ ನಿಂತಿದ್ದ. ಮೂರು ತಲೆಮಾರಿನಿಂದ ಚೆನ್ನೈಯ ಕೋಡಂಬಾಕ್ಕಂನಲ್ಲಿರುವ ಕನ್ನಡದ ಮನೆಯವನು. ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟಿನಲ್ಲೂ ಚೆನ್ನಾಗಿಯೇ ಕಾಣುತ್ತಾನಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಆರನೇ ಕ್ಲಾಸಿನ ಮಲರ್‌ಗಾ? ಪ್ರೇಯರ್‌ನಲ್ಲಿ ತಲೆ ಸುತ್ತಿ ಕೂತ್ಬಿಟ್ಳು. ಬೆಳಗ್ಗೆ ಏನು ತಿಂದೆ ಅಂತ ನಂಗೆ ಬರೋ ತಮಿಳಲ್ಲಿ ಕೇಳ್ದೆ. 'ಎನ್ನ ತಿನ್ನೆ?' ಅಂದೆ. ಅಳೋಕ್ ಶುರು ಮಾಡಿದ್ಳು."

"ಅಯ್ಯೋ! ತಮಿಳಲ್ಲಿ ಹಾಗೆ ಕೇಳಿದ್ರೆ ಬೈದ ಹಾಗೆ ಮಿಸ್. ತಿನ್ನೋದು ಆಡು, ದನ. ಮನುಷ್ಯರನ್ನ 'ಸಾಪ್ಟಿಯಾ' ಅಂತ ಕೇಳ್ಬೇಕು."

"ಮಂಡ್ಯದಲ್ಲಿ ನಮ್ಮಮ್ಮ ದಿನಾ ತಿಂದ್ಯಾ ಅಂತಾಳೆ ಕಣ್ರೀ, ಪ್ರೀತಿಯಿಂದ!" ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಹಸಿದ ಮಗುಗೆ ಬೈದ ಹಾಗಾಯ್ತಲ್ಲ."

ಗಂಗಾಧರನ ದನಿ ಮೆತ್ತಗಾಯಿತು. "ಅವಳಮ್ಮ ನಾಲ್ಕು ಗಂಟೆಗೇ ಹೂವಿನ ಮಾರ್ಕೆಟ್‌ಗೆ ಹೋಗ್ತಾರೆ. ಹೋದ ವರ್ಷ ಬೆಳಗಿನ ಟಿಫಿನ್ ಸ್ಕೂಲಲ್ಲೇ ಸಿಕ್ತಿತ್ತು. ಅದು ಐದನೇ ಕ್ಲಾಸ್ ವರೆಗೆ ಮಾತ್ರ. ಈಗ ಮಧ್ಯಾಹ್ನದ ಊಟದ ತನಕ ಖಾಲಿ ಹೊಟ್ಟೆ."

ಐದನೇ ಕ್ಲಾಸು ಪಾಸಾದರೆ ಬೆಳಗಿನ ಹಸಿವೂ ಮುಗಿದುಹೋಗುತ್ತದೆಯೇ? ಊರ್ಮಿಳಾಗೆ ಮೈಯೆಲ್ಲ ಉರಿಯಿತು. ಕಿಟಕಿಯಾಚೆ ಅಡುಗೆಯಾಕೆ ಬೆಳಗಿನ ಟಿಫಿನ್‌ನಲ್ಲಿ ಉಳಿದ ಪೊಂಗಲ್ಲನ್ನು ಕಸದ ಬಕೆಟ್ಟಿಗೆ ಸುರಿಯಲು ಹೊರಟಿದ್ದಳು. ಹೆಡ್‌ಮಾಸ್ಟರ್ ಪಕ್ಕದಲ್ಲೇ ನಿಂತಿದ್ದರು.

ಊರ್ಮಿಳಾ ಓಡಿಹೋಗಿ ಪಾತ್ರೆಗೆ ಅಡ್ಡ ನಿಂತಳು. ಮಲರ್‌ಗೆ ಒಂದು ತಟ್ಟೆ ಬೇಕು ಎಂದಳು.

"ಲಿಸ್ಟಲ್ಲಿ ಅವಳ ಹೆಸರಿಲ್ಲ," ಎಂದರು ಹೆಡ್‌ಮಾಸ್ಟರ್ ಇಂಗ್ಲಿಷಿನಲ್ಲಿ. "ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ನೆನಪಿರಲಿ."

"ಕಸದ ಬಕೆಟ್ಟಿನ ಹೆಸರು ಲಿಸ್ಟಲ್ಲಿದೆಯಾ ಸರ್?"

ಅಷ್ಟರಲ್ಲಿ ಗಂಗಾಧರ ತಟ್ಟೆ ತಂದು ಎರಡು ಸೌಟು ಬಡಿಸಿಯೇಬಿಟ್ಟಿದ್ದ. "ಮೆಮೊ ಕೊಡೋದಾದ್ರೆ ನನಗೂ ಕೊಡಿ ಸರ್."

ತಟ್ಟೆ ಹಿಡಿದು ಊರ್ಮಿಳಾ ವರಾಂಡದಲ್ಲಿ ಕೂತಿದ್ದ ಮಲರ್‌ಳ ಎದುರು ಮಂಡಿಯೂರಿದಳು. "ಸಾಪ್ಪಿಡು ಕಣ್ಣಾ. ಸಾರಿ." ಹುಡುಗಿ ತಲೆ ಎತ್ತದೆ ಗಬಗಬ ತಿಂದಳು. ನೋಡುತ್ತ ನೋಡುತ್ತ ಊರ್ಮಿಳಾಳ ಸಿಟ್ಟು ಇಳಿಯಲಿಲ್ಲ, ಏರಿತು.

ಮರುದಿನ ಬೆಳಗ್ಗೆ ಇಬ್ಬರಿಗೂ ಮೆಮೊ ಬಂತು. ಗಂಗಾಧರ ಎರಡು ಡಬ್ಬಿ ಹಿಡಿದು ಬೇವಿನ ಮರದ ಕೆಳಗೆ ಅವಳಿಗಾಗಿ ಕಾಯುತ್ತಿದ್ದ. ಒಂದು ಡಬ್ಬಿ ಆಗಲೇ ಖಾಲಿಯಾಗಿತ್ತು.

"ಮಲರ್‌ದು ಆಯ್ತು. ಅವಳಿಗೆ ದಿನಾ ಇಡ್ಲಿ ಕಳಿಸ್ತೀನಿ ಅಂದ್ರು ನಮ್ಮಮ್ಮ. ಆಮೇಲೆ..." ಅವನ ಕಿವಿ ಕೆಂಪಾದವು. "ಊರ್ಮಿಳಾ, ತಿಂದ್ಯಾ?"

ಮಿಸ್ ಇಲ್ಲ, ನೀವು ಇಲ್ಲ. ಅವಳ ಎದೆ ಡವಗುಟ್ಟಿತು. ಹುಬ್ಬು ಮಾತ್ರ ಗಂಟು ಹಾಕಿಕೊಂಡೇ ಇದ್ದಳು.

"ದನಕ್ಕೆ ಕೇಳಿದ್ದಾ?"

"ಅಲ್ಲ. ಮಂಡ್ಯದ ಥರ ಕೇಳಿದ್ದು."

ಅವಳಿಗೆ ನಗು ತಡೆಯಲಾಗಲಿಲ್ಲ. ಮೆಮೊವನ್ನು ಮಡಚಿ ಅವನ ಪಕ್ಕ ಕಟ್ಟೆಯ ಮೇಲೆ ಕೂತಳು.

"ಇನ್ನೂ ಇಲ್ಲ. ಸಿಟ್ಟಲ್ಲಿ ಏನೂ ಸೇರ್ಲಿಲ್ಲ. ಕೊಡು ಇಲ್ಲಿ. ತಿಂದು, ಇಬ್ರೂ ಒಟ್ಗೆ ಮೆಮೊಗೆ ಉತ್ತರ ಬರೆಯೋಣ."