ದಪ್ಪ ಆಯಿಲ್, ತೆಳು ಆಯಿಲ್

"ನಿಮ್ಮ ತಾತಂಗೆ ಹೇಳು, ಆ ಕೆಂಪು ಡಬ್ಬ ಕಾರಿನ ಹತ್ರ ತರಬ್ಯಾಡ ಅಂತ!" ಎಂದಳು ಅಮ್ಮ.

ತಾತ ದೂರವೇನೂ ಇರಲಿಲ್ಲ. ಅಲ್ಲೇ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಅವರ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಅವರು ಮೀನಾಳ ಮುಖ ನೋಡಿ, "ಏನಂತೆ?" ಎಂದರು.

"ಆ ಡಬ್ಬ ಕಾರಿನ ಹತ್ರ ತರಬ್ಯಾಡ ಅಂತೆ."

"ನಿಮ್ಮಮ್ಮಂಗೆ ಹೇಳು, ನಾನು ಲಾರಿ ಓಡಿಸೋ ಕಾಲಕ್ಕೆ ಅವಳಿನ್ನೂ ತೊಟ್ಲಾಗಿದ್ಲು ಅಂತ."

ಮೀನಾ ಅಮ್ಮನ ಕಡೆ ತಿರುಗಿದಳು. "ತಾತ ಲಾರಿ ಓಡಿಸೋ ಕಾಲಕ್ಕೆ..."

"ಕೇಳಿಸ್ತು!"

"ಕೇಳಿಸಿದ್ರೆ ಮತ್ತೆ ನನ್ನ ಯಾಕೆ ಹೇಳ್ಸ್ತೀರಾ?" ಎಂದಳು ಮೀನಾ. ಅಮ್ಮ ಸರಸರನೆ ಒಳಗೆ ಹೋದಳು. ತಾತ ಬೀದಿಯ ಕಡೆ ಮುಖ ತಿರುಗಿಸಿದರು.

ಗುರುವಾರದಿಂದ ಹಿಂದೂಪುರದ ಆ ಮನೆಯಲ್ಲಿ ಇದೇ ನಡೆದಿತ್ತು. ಕಾರಣ, ಕಾರಿನ ಇಂಜಿನ್ ಆಯಿಲ್.

ಕಾರು ಅಮ್ಮನದು. ತಗೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ. ಅಮ್ಮ ಮಗ್ಗದವರ ಹತ್ತಿರ ಸೀರೆ ತಗೊಂಡು, ಕಾರಿನಲ್ಲಿ ತುಂಬಿಕೊಂಡು ಕಲ್ಯಾಣದುರ್ಗದ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದಳು. ಒಬ್ಬಳೇ ಓಡಿಸಿಕೊಂಡು ಹೋಗುತ್ತಿದ್ದಳು. ಈಗ ಕಾರಿನ ಆಯಿಲ್ ಬದಲಾಯಿಸುವ ಸಮಯ ಬಂದಿತ್ತು.

"ಗ್ಯಾರೇಜ್‌ಗೆ ಯಾಕೆ? ನಾನೇ ಮಾಡ್ತೀನಿ," ಎಂದಿದ್ದರು ತಾತ. ಗಂಗುಲಪ್ಪ ತಾತ ಅಮ್ಮನ ಅಪ್ಪ. ಲಾರಿ ಓಡಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಅಮ್ಮನಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ್ದೂ ಅವರೇ. ಅಮ್ಮ ಖುಷಿಯಾಗಿ ಒಪ್ಪಿದ್ದಳು.

ಆದರೆ ತಾತ ಬೈರಣ್ಣನ ಅಂಗಡಿಯಿಂದ ತಂದ ಕೆಂಪು ಡಬ್ಬದ ಮೇಲೆ 20W-50 ಎಂದಿತ್ತು. ಅಮ್ಮ ಅದನ್ನು ನೋಡಿದ್ದೇ ತಡ, "ಅಪ್ಪಾ, ಇದು ಬ್ಯಾಡ. ನಮ್ಮ ಕಾರಿಗೆ 0W-20 ಹಾಕ್ಬೇಕು. ಪುಸ್ತಕದಾಗೆ ಬರ್ದವ್ರೆ," ಎಂದಳು. ಅವಳೇ ಹೋಗಿ ಒಂದು ನೀಲಿ ಡಬ್ಬ ತಂದಳು.

ತಾತ ನೀಲಿ ಡಬ್ಬದ ಮುಚ್ಚಳ ತೆಗೆದು ಒಂದು ಹನಿ ಬೆರಳಿಗೆ ಹಾಕಿ ನೋಡಿದರು. ಅದು ಸರ್ರನೆ ಜಾರಿ ಮುಂಗೈವರೆಗೂ ಹರಿಯಿತು.

"ಇದೇನು ಆಯಿಲ್ಲಾ, ನೀರಾ? ಆಯಿಲ್ ಅಂದ್ರೆ ಬೆಲ್ಲದ ಪಾಕ ಇದ್ದಂಗಿರಬೇಕು. ನಮ್ಮ ಕಡೆ ಬಿಸಿಲಿಗೆ ಇದು ನಿಲ್ತದಾ? ಆ ಪುಸ್ತಕ ಬರ್ದೋನು ನಮ್ಮ ಬಿಸಿಲು ನೋಡವ್ನಾ?"

"ಹೊಸ ಇಂಜಿನ್‌ಗೆ ತೆಳು ಆಯಿಲ್ಲೇ ಬೇಕು ಕಣಪ್ಪ. W ಮುಂದಿರೋ ನಂಬರು ಇಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಬೇಗ ಓಡ್ತದೆ ಅಂತ. ಕಮ್ಮಿ ಇದ್ದಷ್ಟೂ ಬೇಗ. ಹಿಂದಿರೋದು ಬಿಸಿಯಾದಾಗ ಎಷ್ಟು ದಪ್ಪ ಇರ್ತದೆ ಅಂತ."

ತಾತ ಮೀನಾಳನ್ನು ಕರೆದರು. "ಬಾ ಇಲ್ಲಿ. ಐವತ್ತು ದೊಡ್ಡದೋ ಇಪ್ಪತ್ತು ದೊಡ್ಡದೋ?"

"ಐವತ್ತು," ಎಂದಳು ಮೀನಾ.

"ಮತ್ತೆ? ಐದನೇ ಕ್ಲಾಸ್ ಮಗುಗೆ ಗೊತ್ತಾಯ್ತದೆ!"

ಅಮ್ಮನಿಗೆ ರೇಗಿತು. ತಾತನಿಗೂ ರೇಗಿತು. ಸಿಟ್ಟು ಬಂದರೆ ತಾತನ ಮಾತು ತೆಲುಗಿಗೆ ತಿರುಗುತ್ತಿತ್ತು. "ನೀಕೇಮಿ ತೆಲುಸು!" ಎಂದುಬಿಟ್ಟರು. ನಿನಗೇನು ಗೊತ್ತು ಅಂದರೆ ಅಮ್ಮ ಸುಮ್ಮನಿರುತ್ತಾಳೆಯೇ? ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಮೀನಾಳ ಕೆಲಸ ಶುರುವಾಯಿತು.

ಉಪ್ಪು ಬೇಕಾದರೂ ಮೀನಾ, ಟಿವಿ ಸೌಂಡ್ ಕಮ್ಮಿ ಮಾಡಬೇಕಾದರೂ ಮೀನಾ.

ಇವತ್ತು ಶನಿವಾರ. ನಾಳೆ ಕಲ್ಯಾಣದುರ್ಗದಲ್ಲಿ ಮೀನಾಳ ಸ್ಕೂಲಿನ ಖೋಖೋ ಮ್ಯಾಚ್. ಉಮಾದೇವಿ ಟೀಚರ್ ಉಳಿದ ಹುಡುಗಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಆಗಲೇ ಹೊರಟಿದ್ದರು. "ನಾನು ನಮ್ಮ ಕಾರ್‌ನಾಗೆ ಬತ್ತೀನಿ ಮಿಸ್," ಎಂದು ಮೀನಾ ಎಲ್ಲರ ಮುಂದೆ ಜಂಬದಿಂದ ಹೇಳಿದ್ದಳು. ಈಗ ನೋಡಿದರೆ ಕಾರು ಹೊರಡುವ ಲಕ್ಷಣವೇ ಇಲ್ಲ. ಆಯಿಲ್ ಬದಲಾಯಿಸದೆ ಅಷ್ಟು ದೂರ ತೆಗೆಯುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಕೆಂಪು ಡಬ್ಬದ್ದೇ ಹಾಕುತ್ತೇನೆ ಎಂದು ತಾತ ಹಟ ಹಿಡಿದಿದ್ದರು.

ಮೀನಾ ಅಪ್ಪನ ಹತ್ತಿರ ಹೋದಳು. ಅಪ್ಪ ತಿಪ್ಪೇಶ್ ಹಿಂದಿನ ಕೋಣೆಯಲ್ಲಿ ಮಗ್ಗದ ಮುಂದೆ ನಿಂತಿದ್ದರು. ಪವರ್‌ಲೂಮ್ ಟಕಟಕ ಎನ್ನುತ್ತಿತ್ತು.

"ಅಪ್ಪಾ, ನೀನಾದ್ರೂ ಹೇಳು!"

"ಏನು?" ಅಪ್ಪ ಕಿವಿಗೆ ಕೈ ಹಿಡಿದರು.

"ಯಾವ ಆಯಿಲ್ ಹಾಕ್ಬೇಕು ಅಂತ ಹೇಳು!"

"ನನ್ನ ಕೇಳಬ್ಯಾಡ ಕಣಮ್ಮ. ಈ ಮಗ್ಗಕ್ಕೆ ಆಯಿಲ್ ಹಾಕೋನು ನಾನು. ಯಾವುದು ಹಾಕ್ದೆ ಅಂತ ಇಲ್ಲಿವರೆಗೂ ಯಾರೂ ಕೇಳಿಲ್ಲ. ನಾನು ಆರಾಮಾಗಿದೀನಿ," ಎಂದು ಅಪ್ಪ ನಕ್ಕು ಮತ್ತೆ ಮಗ್ಗಕ್ಕೆ ಬಗ್ಗಿದರು.

ಮೀನಾಗೆ ಅಳು ಬರುವಷ್ಟು ಸಿಟ್ಟು ಬಂತು. ದೊಡ್ಡವರೆಲ್ಲ ಹೀಗೇನಾ? ಒಬ್ಬರು ಮಾತೇ ಆಡಲ್ಲ, ಇನ್ನೊಬ್ಬರು ಮಾತಿಗೇ ಸಿಗಲ್ಲ!

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು.

ಅವಳು ನೇರ ಕಟ್ಟೆಗೆ ಬಂದಳು. "ತಾತ, ಅಮ್ಮ ಆಯ್ತು ಅಂದ್ಲು."

ತಾತನ ಹುಬ್ಬು ಮೇಲೇರಿತು. "ಆಯ್ತು ಅಂದ್ಲಾ? ನಿಜವಾ?"

"ಹ್ಞೂ."

ಅಲ್ಲಿಂದ ಒಳಗೆ ಓಡಿದಳು. ಅಮ್ಮ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. "ಅಮ್ಮ, ತಾತ ಆಯ್ತು ಅಂದ್ರು. ಕಾರು ಹಲಗೆ ಮೇಲೆ ಹತ್ತಿಸ್ಬೇಕಂತೆ."

ಅಮ್ಮನ ಮುಖ ಅರಳಿತು. "ಅಬ್ಬಾ, ಕೊನೆಗೂ!"

ಎಷ್ಟು ಸುಲಭವಾಗಿತ್ತು! ಅಮ್ಮ ಕಾರಿನ ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಒಳಗೆ ಹೋದಳು. ತಾತ ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿದರು. ಏನೋ ಹಳೆಯ ತೆಲುಗು ಹಾಡನ್ನು ಗುನುಗತೊಡಗಿದರು. "ಪಾಪಾ, ಸ್ಪ್ಯಾನರ್ ಕೊಡು" ಎಂದಾಗೆಲ್ಲ ಮೀನಾ ಬಗ್ಗಿ ಕೊಟ್ಟಳು. ಹಳೆಯ ಆಯಿಲ್ ಕಪ್ಪಗೆ ಬೋಗುಣಿಗೆ ಸುರಿಯಿತು. ಎಲ್ಲ ಇಳಿದ ಮೇಲೆ ತಾತ ಫಿಲ್ಟರ್ ಬದಲಾಯಿಸಿ, ಕೆಳಗಿನ ಬೋಲ್ಟನ್ನು ಬಿಗಿ ಮಾಡಿ ಎದ್ದು ಬಂದರು. ಬಾನೆಟ್ ಎತ್ತಿ, ಇಂಜಿನ್ ಮೇಲಿನ ಆಯಿಲ್ ಕ್ಯಾಪ್ ತಿರುಗಿಸಿ ತೆಗೆದು ಮೀನಾಳ ಕೈಗೆ ಕೊಟ್ಟರು.

ಆಮೇಲೆ ಕೆಂಪು ಡಬ್ಬ ಎತ್ತಿಕೊಂಡರು.

ಮೀನಾ ಡಬ್ಬವನ್ನೇ ನೋಡಿದಳು. ಆಯ್ತು, ಆಯ್ತು ಎಂದು ಇಬ್ಬರಿಗೂ ಹೇಳಿದ್ದಳು ನಿಜ. ಆದರೆ ಡಬ್ಬದೊಳಗಿನ ಆಯಿಲ್ ಆ ಮಾತಿನಿಂದ ಬದಲಾಗಿರಲಿಲ್ಲ.

"ತಾತ, ಈ ಕ್ಯಾಪ್ ಮೇಲೆ ಏನೋ ಬರ್ದೈತೆ ನೋಡು." ಕಪ್ಪು ಪ್ಲಾಸ್ಟಿಕ್ ಮೇಲೆ ಉಬ್ಬು ಅಕ್ಷರದಲ್ಲಿ 0W-20 ಎಂದಿತ್ತು.

"ಗೊತ್ತು ಬಿಡು. ಗುರುವಾರನೇ ನೋಡಿದೀನಿ."

"ಗೊತ್ತಿದ್ರೂ ಯಾಕೆ ಮತ್ತೆ..."

"ಆ ಕ್ಯಾಪ್ ಮಾಡಿದೋನು ಕಲ್ಯಾಣದುರ್ಗದ ರೋಡ್‌ನಾಗೆ ನನ್ನ ಮಗಳ ಜೊತೆ ಬತ್ತಾನಾ?" ಎನ್ನುತ್ತ ತಾತ ಡಬ್ಬದ ಸೀಲಿಗೆ ಉಗುರು ಹಾಕಿದರು.

"ಹಾಕಬ್ಯಾಡ ತಾತ!" ಮೀನಾ ಅವರ ಮೊಣಕೈ ಹಿಡಿದಳು. "ಅಮ್ಮ ಆಯ್ತು ಅಂದಿಲ್ಲ. ನಾನೇ ಸುಮ್ನೆ ಹೇಳ್ಬುಟ್ಟೆ. ನೀನು ಆಯ್ತು ಅಂದೆ ಅಂತ ಅಮ್ಮಂಗೂ ಹೇಳ್ಬುಟ್ಟೆ."

ತಾತನ ಕೈ ನಿಂತಿತು. ಅದೇ ಹೊತ್ತಿಗೆ ಅಮ್ಮ ಸೀರೆ ಗಂಟು ಹೊತ್ತು ಹೊರಗೆ ಬಂದಳು. ತಾತನ ಕೈಯಲ್ಲಿ ಕೆಂಪು ಡಬ್ಬ ನೋಡಿ ಗಂಟನ್ನು ಧೊಪ್ಪೆಂದು ಕಟ್ಟೆಯ ಮೇಲೆ ಹಾಕಿದಳು.

"ಮೀನಾ! ಏನಿದು? ನಿಮ್ಮ ತಾತಂಗೆ ಹೇಳು..."

"ನಿಮ್ಮಮ್ಮಂಗೆ ಹೇಳು, ಮಗೀನ ಮೇಲೆ ಕೂಗಬ್ಯಾಡ ಅಂತ!"

"ನಾನು ಯಾರಿಗೂ ಏನೂ ಹೇಳಲ್ಲ!" ಮೀನಾ ಎಷ್ಟು ಜೋರಾಗಿ ಕಿರುಚಿದಳೆಂದರೆ ಎದುರು ಮನೆಯ ಕಿಟಕಿ ತೆರೆಯಿತು. "ನಾನೇನು ಫೋನಾ? ಸಾಕಾಗೋಯ್ತು! ನೀವೇ ಹೇಳ್ಕೊಳ್ಳಿ!"

ಅವಳು ಕಾರಿನ ಒಳಗೆ ಹತ್ತಿ ದಢಾರನೆ ಬಾಗಿಲು ಹಾಕಿಕೊಂಡಳು.

ಒಳಗೆ ಕಾದ ಬಾಣಲೆಯಂತೆ ಬಿಸಿ. ಮುಂದೆ ಬಾನೆಟ್ ಎದ್ದು ನಿಂತಿದ್ದರಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಬಾನೆಟ್ಟಿನ ಕೆಳಗೆ ಉಳಿದಿದ್ದ ಸಣ್ಣ ಸಂದಿಯಲ್ಲಿ ಕೈಗಳು ಮಾತ್ರ ಕಾಣುತ್ತಿದ್ದವು. ಅಮ್ಮನ ಬಳೆ ಹಾಕಿದ ಕೈ ಸೊಂಟದ ಮೇಲಿತ್ತು. ತಾತನ ಆಯಿಲ್ ಮೆತ್ತಿದ ಕೈ ಡಬ್ಬ ಹಿಡಿದಿತ್ತು.

ಆಮೇಲೆ ತಾತನ ಕೈ ಡಬ್ಬವನ್ನು ಕೆಳಗಿಟ್ಟಿತು. ಅಂಗೈ ಬಗ್ಗಿಸಿ, ಸೊಂಟದ ಎತ್ತರದಲ್ಲಿ ಹಿಡಿದು ತೋರಿಸಿತು. ಇಷ್ಟೇ ಇಷ್ಟು ಎತ್ತರದ್ದು ಏನೋ. ಅಮ್ಮನ ಕೈ ಸೊಂಟದಿಂದ ಜಾರಿತು.

ಮೀನಾಗೆ ತಡೆಯಲಾಗಲಿಲ್ಲ. ಬಾಗಿಲನ್ನು ಬೆರಳಷ್ಟು ತೆರೆದಳು.

"...ಇಷ್ಟಿದ್ದೆ ನೀನು," ತಾತ ಹೇಳುತ್ತಿದ್ದರು. "ಪೆನುಕೊಂಡ ದಾಟಿದ ಮೇಲೆ ಇಂಜಿನ್ ಕಚ್ಕಂಡು ನಿಂತೋಯ್ತು. ಮಟಮಟ ಮಧ್ಯಾಹ್ನ. ಲಾರಿನಾಗೆ ನೀನು, ನಿಮ್ಮವ್ವ. ನಿಂಗೆ ಜ್ವರ. ಕುಡಿಯಕೆ ತೊಟ್ಟು ನೀರಿಲ್ಲ. ಇಂಜಿನ್ ಬಿಚ್ಚಿ ನೋಡಿದ್ರೆ ಆಯಿಲ್ ನೀರಾಗೋಗಿತ್ತು. ಅವತ್ತಿಂದ ತೆಳ್ಳಗಿರೋ ಆಯಿಲ್ ನೋಡಿದ್ರೆ ನಂಗೆ ಆ ರೋಡೇ ನೆನಪಾಯ್ತದೆ ಕಣಮ್ಮ. ನೀನು ಒಬ್ಳೇ ಹೋಯ್ತೀಯ."

ಅಮ್ಮನ ಬಳೆಯ ಕೈ ತಾತನ ಕೈಯ ಹತ್ತಿರ ಬಂತು.

"ಇದನ್ನ ಗುರುವಾರನೇ ಹೇಳಬಾರದಿತ್ತಾ ಅಪ್ಪಾ?"

"ನೀನು ಕೇಳಿದ್ಯಾ?"

"ಅವತ್ತು ನಿಂಗೆ ಯಾರೋ ಕಲಬೆರಕೆ ಆಯಿಲ್ ಕೊಟ್ಟವ್ರೆ. ಇದು ಹಂಗಲ್ಲ. ಈ ಇಂಜಿನ್‌ನಾಗೆ ಸಂದು ಬಲು ಕಿರಿದು. ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಎಲ್ಲಾ ಕಡೆ ಓಡಬೇಕು. ನಿನ್ನ ಪಾಕ ನಿಧಾನಕ್ಕೆ ಹೋಗೋ ಹೊತ್ತಿಗೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿರ್ತದೆ. ರೇಷ್ಮೆ ಎಳೆ ಹೋಗೋ ಜಾಗದಾಗೆ ಹಗ್ಗ ತೂರಿಸಿದ್ರೆ ಮಗ್ಗ ಓಡ್ತದಾ?"

ತಾತ ಏನೋ ಗೊಣಗಿದರು. ಆಮೇಲೆ, "ರೋಡ್‌ನಾಗೆ ನಿಂತೋದ್ರೆ?" ಎಂದರು.

"ಫೋನ್ ಮಾಡ್ತೀನಿ."

"ಯಾರಿಗೆ?"

"ಇನ್ಯಾರಿಗೆ? ನಿಂಗೇ."

ಸಂದಿಯಲ್ಲಿ ತಾತನ ಕೈ ಬಟ್ಟೆಯಿಂದ ಬೆರಳುಗಳನ್ನು ಒರೆಸಿಕೊಂಡಿತು. ಒಂದೊಂದೇ ಬೆರಳು, ನಿಧಾನವಾಗಿ. ಕೊನೆಗೆ ಅದು ನೀಲಿ ಡಬ್ಬ ಎತ್ತಿಕೊಂಡಿತು.

"ಹಾಕೋದು ಹಾಕ್ತೀನಿ. ಆದ್ರೆ ನಾಳೆ ನಾನೂ ಬತ್ತೀನಿ," ಎಂದರು ತಾತ.

ಬಂದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ರೆಡಿಯಾಗಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೀನಾ ಹಿಂದೆ, ಸೀರೆ ಗಂಟುಗಳ ನಡುವೆ. ಮಡಕಶಿರಾ ದಾಟುವಷ್ಟರಲ್ಲಿ ತಾತ ಅಮ್ಮನಿಗೆ, "ಕಲ್ಪನಾ, ನಿಲ್ಸು. ಆಯಿಲ್ ನೋಡಾನ" ಎಂದರು. ಬರೀ ನಿಲ್ಲಿಸಿದರೆ ಸಾಲದು. ಇಂಜಿನ್ ಆಫ್ ಮಾಡಿ, ಆಯಿಲ್ ಕೆಳಗೆ ಇಳಿಯುವವರೆಗೆ ಕಾಯಬೇಕು. ಆಮೇಲೆ ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಬೇಕು.

"ಸರಿಯಾಗೈತೆ," ಎಂದರು ತಾತ.

ಪಾವಗಡದಲ್ಲಿ ಮತ್ತೆ ನಿಲ್ಲಿಸಿದರು.

"ಅಪ್ಪಾ, ಈಗ ತಾನೇ ನೋಡಿದ್ಯಲ್ಲ!" ಅಮ್ಮ ಸ್ಟೀರಿಂಗ್ ಮೇಲೆ ತಲೆಯಿಟ್ಟಳು.

"ಈಗ ಬಿಸಿಲು ಏರೈತೆ."

"ಮೀನಾಗೆ ಮ್ಯಾಚ್ ಐತೆ!"

"ಇಂಜಿನ್ ನಿಂತೋದ್ರೆ ಮ್ಯಾಚ್ ಎಲ್ಲಿಂದ ಬತ್ತದೆ?"

ಪಾವಗಡದಿಂದ ಕಂಬದೂರಿನವರೆಗೂ ಇಬ್ಬರೂ ಜಗಳವಾಡಿದರು. ಎಸಿ ಹಾಕುವುದಕ್ಕೆ, ಹಾರನ್ ಹೊಡೆಯುವುದಕ್ಕೆ, ಗೇರ್ ಬದಲಾಯಿಸುವುದಕ್ಕೆ. ಒಂದು ಸಲವೂ ಯಾರೂ ಹಿಂದೆ ತಿರುಗಿ ಮೀನಾಳನ್ನು ಕರೆಯಲಿಲ್ಲ.

ಕಂಬದೂರಿನ ಹತ್ತಿರ ತಾತ ಮೂರನೇ ಸಲ, "ನಿಲ್ಸು" ಎಂದಾಗ ಮೀನಾಳ ತಾಳ್ಮೆ ಮುಗಿದಿತ್ತು. ಉಮಾದೇವಿ ಟೀಚರ್ ಆಗಲೇ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದ್ದರು. ಚೆನ್ನಾಗಿ ಬೈಯಬೇಕೆಂದೇ ಅವಳು ಬಾಗಿಲು ತೆರೆದು ಇಳಿದಳು.

ತಾತ ಬಾನೆಟ್ ಎತ್ತಿ ನಿಂತಿದ್ದರು. ಕೈಯಲ್ಲಿ ಕಡ್ಡಿ ಇತ್ತು. ಆದರೆ ಅವರು ಕಡ್ಡಿ ನೋಡುತ್ತಿರಲಿಲ್ಲ. ಬೇವಿನ ಮರದ ನೆರಳಲ್ಲಿ ನಿಂತು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ ಅಮ್ಮನನ್ನು ನೋಡುತ್ತಿದ್ದರು. ಅಮ್ಮ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಮುಚ್ಚಳ ಹಾಕುವವರೆಗೂ ನೋಡಿದರು. ಆಮೇಲೆ ಕಡ್ಡಿಯ ಕಡೆ ಕಣ್ಣು ತಿರುಗಿಸಿದರು.

ಮೀನಾಗೆ ತೊಟ್ಟು ನೀರಿಲ್ಲದೆ ನಿಂತ ಆ ಲಾರಿ ನೆನಪಾಯಿತು.

"ಬಟ್ಟೆ ಕೊಡು ತಾತ, ನಾನು ಒರೆಸ್ತೀನಿ," ಎಂದು ಅವಳು ಕೈ ಚಾಚಿದಳು. "ನೀನು ಸರಿಯಾಗಿ ನೋಡು."